ಹೊರಸುತ್ತಿನ ಕೆಂಪು ನಟ್ಟುಗಳು

ನಮ್ಮ ಸೈಟಿಗೆ ಮನೆಗಿಂತ ಮೊದಲು ಲಾರಿ ಬಂತು.

ತೊಂಬತ್ತರ ದಶಕದ ಕೊನೆಯ ಮಾತು. ಶ್ರೀರಾಂಪುರದ ಕಡೆ ಆಗ ಒಂದು ಮನೆ ಎದ್ದಿದ್ದರೆ ಅದರ ಸುತ್ತ ಹತ್ತು ಸೈಟು ಪಾರ್ಥೇನಿಯಂ ಬೆಳೆದುಕೊಂಡು ಖಾಲಿ ಬಿದ್ದಿರುತ್ತಿದ್ದವು. ನಮ್ಮದೂ ಅಂಥದ್ದೇ ಒಂದು. ರಾಮಕೃಷ್ಣನಗರದ ಬಾಡಿಗೆ ಮನೆಯಲ್ಲಿ ಬಟ್ಟೆ ಒಗೆಯುತ್ತಾ ನಾನು ಆ ಸೈಟಿನಲ್ಲಿ ಎಷ್ಟು ಸಲ ಗೋಡೆ ಎಬ್ಬಿಸಿ ಕೆಡವಿದ್ದೆನೋ ನನಗೇ ತಿಳಿಯದು. ದೇವರ ಕೋಣೆ ಈಶಾನ್ಯಕ್ಕೆ ಇರಬೇಕು, ಅಡುಗೆಮನೆಯ ಕಿಟಕಿಯಿಂದ ಬೆಟ್ಟ ಕಾಣಬೇಕು, ಇವೆರಡು ಮಾತ್ರ ಖಾತ್ರಿ. ಯುಗಾದಿ ಕಳೆದ ಮೇಲೆ ಒಂದು ದಿನ ಟ್ರ್ಯಾಕ್ಟರೊಂದು ಸರಿಯಾಗಿ ಆ ದೇವರ ಕೋಣೆಯ ಜಾಗಕ್ಕೇ ಒಂದು ಮಿಲಿಟರಿ ಲಾರಿಯನ್ನು ಎಳೆದು ತಂದು ನಿಲ್ಲಿಸಿತು.

ಅದು ನನ್ನ ಅಪ್ಪ ಓಡಿಸುತ್ತಿದ್ದ ಲಾರಿ.

ಎರಡನೇ ಮಹಾಯುದ್ಧಕ್ಕೆ ಅಂತ ಬ್ರಿಟಿಷರು ತರಿಸಿದ್ದ ಲಾರಿ ಅದು. ಮೂಗು ಮೊಂಡು, ಮೈ ಹಸಿರು, ನಾಲ್ಕು ಚಕ್ರಕ್ಕೂ ಎಳೆಯುವ ಶಕ್ತಿ. ಯುದ್ಧ ಮುಗಿದ ಮೇಲೆ ಅಂಥವನ್ನೆಲ್ಲ ಹರಾಜು ಹಾಕಿದರಂತೆ. ನಮ್ಮ ಮನೆತನದವರು ನಡೆದುಕೊಳ್ಳುವ ಮಠ ಚಿಕ್ಕದು, ಊರಾಚೆ ಹೊಲಗಳ ನಡುವೆ ಇದೆ. ಅಲ್ಲಿಯ ಹಿಂದಿನ ಸ್ವಾಮಿಗಳು ದಾಸೋಹಕ್ಕೆ ಅಕ್ಕಿ, ಸೌದೆ ತರಲು ಆ ಲಾರಿ ತೆಗೆದುಕೊಂಡರು. ಅಪ್ಪ ಅದರ ಡ್ರೈವರ್ ಆದರು. ನಾನು ಹುಟ್ಟುವ ಮೊದಲಿನಿಂದ, ನನ್ನ ಮದುವೆಯಾಗಿ ಎಷ್ಟೋ ವರ್ಷ ಕಳೆಯುವವರೆಗೂ ಅವರು ಬೇರೆ ಗಾಡಿ ಮುಟ್ಟಲಿಲ್ಲ. ಅಪ್ಪ ಲಿಂಗೈಕ್ಯರಾದ ಮೇಲೆ ಲಾರಿ ಮಠದ ಕೊಟ್ಟಿಗೆ ಸೇರಿತು. ಅದರ ಮೇಲೆ ಗೋಣಿಚೀಲ ಒಣಗುತ್ತಿದ್ದವು, ಪಾರಿವಾಳ ಕೂರುತ್ತಿದ್ದವು.

ಒಂದು ಸೋಮವಾರ ನಾನೂ ಯಜಮಾನರೂ ಮಠಕ್ಕೆ ಹೋದಾಗ ಗುಜರಿಯವನೊಬ್ಬ ಲಾರಿಯ ಸುತ್ತ ತಿರುಗುತ್ತಾ ಬೆರಳಿನಿಂದ ತಗಡು ತಟ್ಟಿ ನೋಡುತ್ತಿದ್ದ. ಕೊಟ್ಟಿಗೆ ಕೆಡವಿ ಅಕ್ಕಿ ಉಗ್ರಾಣ ಕಟ್ಟಿಸಬೇಕು, ಲಾರಿಯನ್ನು ತೂಕಕ್ಕೆ ಹಾಕುತ್ತೇವೆ ಅಂದರು ಮಠದವರು. ನಾನು ಕಣ್ಣಿಗೆ ಧೂಳು ಬಿತ್ತು ಅಂತ ಸೆರಗಿನಿಂದ ಒರೆಸಿಕೊಂಡೆ, ಅಷ್ಟೇ. ನನ್ನ ಯಜಮಾನರು ನಜರ್‌ಬಾದಿನಲ್ಲಿ ಲಾರಿ ರಿಪೇರಿಯ ಒಂದು ಷೆಡ್ಡು ಇಟ್ಟುಕೊಂಡಿದ್ದರು. ಮಾತು ಕಡಿಮೆ. ಅವತ್ತು ಮಾತ್ರ ಸೀದಾ ಸ್ವಾಮಿಗಳ ಮುಂದೆ ಹೋಗಿ ನಿಂತರು.

"ಬುದ್ಧೀ, ಅದನ್ನ ತೂಕಕ್ಕೆ ಹಾಕ್ಬೇಡಿ. ನಾನು ಓಡೋ ಹಂಗೆ ಮಾಡ್ಕೊಡ್ತೀನಿ."

ಸ್ವಾಮಿಗಳು ನಕ್ಕರು. "ಅದು ಯುದ್ಧ ಕಂಡಿರೋ ಲಾರಿ ಕಣಪ್ಪ. ಸಾಮಾನು ಎಲ್ಲಿಂದ ತರ್ತೀಯ?"

"ಹುಡುಕ್ತೀನಿ ಬುದ್ಧಿ."

"ಹಂಗಾದ್ರೆ ಕೇಳು. ಆಯುಧಪೂಜೆ ದಿನ ಅದು ತನ್ನ ಕಾಲ ಮೇಲೆ ತಾನು ನಡ್ಕೊಂಡು ನಮ್ಮ ಬಾಗಿಲಿಗೆ ಬಂದ್ರೆ ಇಲ್ಲೇ ಇರುತ್ತೆ. ಎಳ್ಕೊಂಡು ಬಂದ್ರೆ ಆಗಲ್ಲ. ಬರ್ದಿದ್ರೆ ಗುಜರಿಯೋನು ನಿಮ್ಮ ಸೈಟಿಗೇ ಬರ್ತಾನೆ."

ಸ್ಕೂಟರಿನಲ್ಲಿ ವಾಪಸು ಬರುವಾಗ ನಾನು ಕೇಳಿದೆ, "ಯಾಕ್ರೀ ಒಪ್ಕೊಂಡ್ರಿ?" "ಗಾಡಿ ಚೆನ್ನಾಗದೆ" ಅಂದರು. ಅಷ್ಟೇ ಉತ್ತರ. ಅವರು ಏನನ್ನೂ ನನಗಾಗಿ ಮಾಡುತ್ತೇನೆ ಅಂತ ಬಾಯಿ ಬಿಟ್ಟು ಹೇಳಿದವರಲ್ಲ. ಹೇಳದಿದ್ದರೂ ತಿಳಿಯುವಷ್ಟು ಬುದ್ಧಿಯನ್ನು ಶಿವ ನನಗೆ ಕೊಟ್ಟಿದ್ದಾನೆ, ಅದೂ ಒಂದು ದಯೆ.

ಹೀಗೆ ಲಾರಿ ಬಂತು. ಎಳೆದು ತರುವುದಕ್ಕೆ ಅಂತ ಮಠದವರು ನಾಲ್ಕು ಚಕ್ರಕ್ಕೂ ಗಾಳಿ ತುಂಬಿಸಿದ್ದರು. ಮಾರನೆಯ ದಿನ ಯಜಮಾನರು ಜಾಕ್ ಕೊಟ್ಟು ಹಿಂದಿನ ಎಡಚಕ್ರ ಎತ್ತಿದರು. ನಾನು ಬುತ್ತಿ ತೆಗೆದುಕೊಂಡು ಹೋಗಿದ್ದೆ.

ಈ ಚಕ್ರದ ವಿಷಯ ಸ್ವಲ್ಪ ಹೇಳಬೇಕು. ಅವರು ದಿನಾ ರಿಪೇರಿ ಮಾಡುತ್ತಿದ್ದ ಲಾರಿಗಳ ಚಕ್ರದಲ್ಲಿ ನಟ್ಟುಗಳು ಒಂದೇ ಸುತ್ತು ಇರುತ್ತವೆ. ಇದರಲ್ಲಿ ಎರಡು ಸುತ್ತು. ನಡುವೆ ಎಂಟರ ಒಂದು ಚಿಕ್ಕ ಸುತ್ತು, ಟೈರಿನ ಹತ್ತಿರ ಹನ್ನೆರಡರ ಒಂದು ದೊಡ್ಡ ಸುತ್ತು. ಎಲ್ಲವೂ ಕೆಂಪು ಬಣ್ಣ. ಒಳಗಿನವು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಹೊರಗಿನವು ಚೆನ್ನಾಗಿದ್ದವು. ಸುಲಭವಾದದ್ದರಿಂದಲೇ ಶುರು ಮಾಡೋಣ ಅಂತ ಅವರು ಹೊರಸುತ್ತಿನ ಒಂದು ನಟ್ಟಿಗೆ ಸ್ಪ್ಯಾನರ್ ಕೊಟ್ಟು ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

ಅಪ್ಪ ಕೂರುತ್ತಿದ್ದದ್ದೂ ಹಾಗೆಯೇ. ಅದನ್ನು ನೋಡಿದ ತಕ್ಷಣ ನನಗೆ ಒಂದು ಸದ್ದು ನೆನಪಿಗೆ ಬಂತು. ಪಂಕ್ಚರ್ ಆದಾಗ ಅಪ್ಪ ಮೊದಲು ಒಂದು ಕಡ್ಡಿಯಿಂದ ವಾಲ್ವು ಒತ್ತಿ ಉಳಿದ ಗಾಳಿಯನ್ನೆಲ್ಲ ಬಿಡುತ್ತಿದ್ದರು. ಪೂರ್ತಿ ಬಿಡುವವರೆಗೂ ಏನೂ ಮುಟ್ಟುತ್ತಿರಲಿಲ್ಲ, ಬೀಡಿ ಸೇದುತ್ತಾ ಕಾಯುತ್ತಿದ್ದರು. ಬೇಸಿಗೆಯಲ್ಲಿ ನಾನು ಆ ಗಾಳಿಗೆ ಮುಖ ಒಡ್ಡುತ್ತಿದ್ದೆ. ರಬ್ಬರಿನ ವಾಸನೆಯ ತಂಪು ಗಾಳಿ.

"ರೀ, ಅಪ್ಪ ಮೊದ್ಲು ಗಾಳಿ ಬುಡ್ತಿದ್ರು" ಅಂದೆ.

"ಚಕ್ರ ಬಿಚ್ಚೋಕೆ ಗಾಳಿ ಯಾಕೆ ಬುಡಬೇಕು? ನೀನ್ಯಾವಾಗ ಮೆಕ್ಯಾನಿಕ್ ಆದೆ ಕಣೇ?"

"ನಂಗೇನೂ ಗೊತ್ತಿಲ್ಲ. ಅಪ್ಪ ಬುಡ್ತಿದ್ರು. ಅಷ್ಟೇ."

"ಈಗ ಬುಟ್ರೆ ಮತ್ತೆ ತುಂಬ್ಸೋಕೆ ನಿಮ್ಮಪ್ಪ ಬರ್ತಾರಾ?"

"ನಾನೇ ಪಂಪು ಹೊಡೀತೀನಿ, ಬುಡಿ."

ಹಸಿವಾಗಿತ್ತೋ, ಬಿಸಿಲಿಗೆ ವಾದ ಬೇಡ ಅನಿಸಿತೋ, ಗೊಣಗುತ್ತಲೇ ವಾಲ್ವಿಗೆ ಮೊಳೆ ಒತ್ತಿದರು. ಗಾಳಿ ಹೋಗುವಷ್ಟರಲ್ಲಿ ಊಟ ಮುಗಿಯಿತು. ಕೈ ತೊಳೆದು ಬಂದು ಹನ್ನೆರಡು ನಟ್ಟನ್ನೂ ಬಿಚ್ಚಿ, ಸಣ್ಣ ಸರಳು ಕೊಟ್ಟು ಮೀಟಿದರು.

ಚಕ್ರ ಇಡಿಯಾಗಿ ಬರಲಿಲ್ಲ. ಹೊರಗಿನ ಅರ್ಧ ಮಾತ್ರ, ಒಂದು ದೊಡ್ಡ ಕಬ್ಬಿಣದ ತಟ್ಟೆಯ ಹಾಗೆ, ಕೈಗೆ ಬಂತು. ಇನ್ನರ್ಧ ಲಾರಿಯಲ್ಲೇ ಉಳಿಯಿತು, ನಡುವೆ ಟೈರು ಜೋತುಬಿದ್ದಿತ್ತು. ಅವರು ಆ ತಟ್ಟೆಯನ್ನು ನೋಡಿದರು, ಟೈರನ್ನು ನೋಡಿದರು. ಆಮೇಲೆ ಅದನ್ನು ಮೆಲ್ಲಗೆ ನೆಲದ ಮೇಲಿಟ್ಟು ಅಲ್ಲೇ ಕೂತುಬಿಟ್ಟರು.

"ಏನಾಯ್ತು?" ಅಂದೆ.

"ಈ ಹನ್ನೆರಡು ನಟ್ಟು ಚಕ್ರನ ಲಾರಿಗೆ ಕಟ್ಟಿಲ್ಲ ಕಣೇ. ಚಕ್ರದ ಎರಡು ಹೋಳನ್ನ ಒಂದಕ್ಕೊಂದು ಕಟ್ಟವೆ. ಒಳಗೆ ಗಾಳಿ ಇದ್ದಾಗ ಬಿಚ್ಚಿದ್ರೆ..." ಅಂತ ನಿಲ್ಲಿಸಿ ತಟ್ಟೆಯನ್ನೂ ತಮ್ಮ ಎದೆಯನ್ನೂ ಬೆರಳಿನಿಂದ ತೋರಿಸಿದರು. "ಒಂದು ಲೋಟ ನೀರು ಕೊಡು."

ನೀರು ಕೊಟ್ಟೆ. ಕೊರಳಿನ ಲಿಂಗವನ್ನು ಸೀರೆಯ ಮೇಲಿಂದಲೇ ಹಿಡಿದುಕೊಂಡೆ. ಆವತ್ತು ನಾನು ಬುತ್ತಿ ತರುವುದು ಹತ್ತು ನಿಮಿಷ ತಡವಾಗಿದ್ದರೆ ಅನ್ನುವ ಯೋಚನೆಯನ್ನು ಇವತ್ತಿಗೂ ಪೂರ್ತಿ ಮಾಡುವುದಿಲ್ಲ.

ಮಾರನೆಯ ದಿನ ಅವರು ಆ ತಟ್ಟೆಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ನನ್ನನ್ನು ಹಿಂದೆ ಕೂರಿಸಿಕೊಂಡು ಗುಜರಿ ಅಂಗಡಿಯ ಸಾಹೇಬರ ಹತ್ತಿರ ಹೋದರು. ಮಠಕ್ಕೆ ಬಂದಿದ್ದ ಗುಜರಿಯವನು ಬೇರೆ, ಇವರು ಬೇರೆ; ಷೆಡ್ಡಿನ ಹಿಂದಿನ ಓಣಿಯಲ್ಲೇ ಅವರ ಅಂಗಡಿ. ಎಪ್ಪತ್ತು ದಾಟಿದ ವಯಸ್ಸು, ಬಿಳಿ ಗಡ್ಡ, ಕಿವಿಯ ಹಿಂದೆ ಸದಾ ಒಂದು ಸೀಮೆಸುಣ್ಣ. ಅವರ ತಂದೆ ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು.

ಸಾಹೇಬರು ತಟ್ಟೆಯನ್ನು ಕಂಡದ್ದೇ ಎದ್ದು ನಿಂತರು. "ಅರೆ! ಇದನ್ನ ಬಿಚ್ಚಿದ್ದು ಯಾರು?"

"ನಾನೇ."

"ಗಾಳಿ ಇತ್ತಾ?"

"ಇವಳು ಬುಡ್ಸಿದ್ಲು."

ಸಾಹೇಬರು ಎರಡೂ ಕೈ ಮೇಲೆತ್ತಿ ಮುಖ ಸವರಿಕೊಂಡರು. "ಅಮ್ಮಾ, ಇವತ್ತು ಮನೇಲಿ ಸಿಹಿ ಮಾಡಿ. ನಮ್ಮ ಅಬ್ಬಾ ಹೇಳೋರು, ಮಿಲಿಟರಿ ಚಕ್ರದಲ್ಲಿ ಕೆಂಪು ನಟ್ಟು ಮುಟ್ಟಬೇಡ, ಅದು ಸಾವಿನ ಬಾಗಿಲ ಚಿಲಕ ಅಂತ. ಬ್ರಿಟಿಷರು ಅದಕ್ಕೇ ಕೆಂಪು ಬಳಿಯೋರು. ಹೊರಗಿನದು ಮಾತ್ರ. ಒಳಗಿನದು ಗಾಡಿ ಬಣ್ಣ, ಹಸಿರು. ನಿಮಗೆ ಕೆಂಪು ಕಾಣಿಸಲಿಲ್ವಾ?"

"ಎಲ್ಲಾ ಕೆಂಪೇ ಇದೆ ಸಾಹೇಬ್ರೇ. ಒಳಗಿಂದೂ, ಹೊರಗಿಂದೂ."

"ಅದು ಹೆಂಗೆ? ಯಾವ ಮೂರ್ಖ ಬಳ್ದ?"

ಆ ಮೂರ್ಖ ಯಾರು ಅಂತ ನನಗೆ ಗೊತ್ತಿತ್ತು.

ಮಠದಲ್ಲಿ ಆಯುಧಪೂಜೆ ಅಂದರೆ ಲಾರಿಗೆ ಕುಂಕುಮ ಹಚ್ಚುವ ಕೆಲಸ ಹೆಣ್ಣುಮಕ್ಕಳದ್ದು. ಡ್ರೈವರ್ ಮಗಳು ಅಂತ ಚಿಕ್ಕಂದಿನಲ್ಲಿ ನಾನೇ ಮುಂದಾಳು. ಚಕ್ರದ ಒಂದೊಂದು ನಟ್ಟಿಗೂ ಒಂದೊಂದು ಬೊಟ್ಟು. ಒಂದು ವರ್ಷ ಕುಂಕುಮ ಅರ್ಧಕ್ಕೇ ಮುಗಿಯಿತು. ಕೆಲವು ನಟ್ಟಿಗೆ ಉಂಟು, ಕೆಲವಕ್ಕೆ ಇಲ್ಲ ಅಂದರೆ ದೇವರಿಗೆ ಅಪಚಾರ ಅಲ್ಲವೇ? ಮಠದ ಬಾಗಿಲಿಗೆ ಬಳಿದು ಉಳಿದಿದ್ದ ಕೆಂಪು ಬಣ್ಣದ ಡಬ್ಬಿ ಹುಡುಕಿ ತಂದು, ಬಟ್ಟೆ ಸುತ್ತಿದ ಕಡ್ಡಿಯಿಂದ ಎಲ್ಲ ನಟ್ಟಿಗೂ ಬಳಿದುಬಿಟ್ಟೆ. ನೋಡಿದವರೆಲ್ಲ ಹೊಗಳಿದರು. ಮುಂದಿನ ವರ್ಷದಿಂದ ಅದೇ ಪದ್ಧತಿಯಾಯಿತು. ಅಪ್ಪ ಸುಮ್ಮನೆ ಇದ್ದರು. ಅವರ ಕೈಗೆ ಎಲ್ಲ ಗೊತ್ತಿತ್ತು, ಬಣ್ಣ ನೋಡಿ ಕೆಲಸ ಮಾಡುವ ಅಗತ್ಯ ಅವರಿಗೆ ಇರಲಿಲ್ಲ. ಮಗಳ ಸಂತೋಷ ಯಾಕೆ ಕೆಡಿಸಬೇಕು ಅಂದುಕೊಂಡಿರಬೇಕು. ಅವರ ನಂತರ ಆ ಚಕ್ರದ ಮುಂದೆ ಯಾರು ಕೂರುತ್ತಾರೆ ಅಂತ ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಖಾತ್ರಿ ಮಾಡಿಕೊಳ್ಳೋಣ ಅಂತ ಸೈಟಿಗೆ ಹೋಗಿ ಹಳೆಯ ಚಾಕುವಿನಿಂದ ನಟ್ಟು ಕೆರೆದೆ. ಒಳಸುತ್ತಿನದರಲ್ಲಿ ಕೆಂಪಿನ ಅಡಿಯಲ್ಲಿ ಹಸಿರು ಬಂತು. ಹೊರಸುತ್ತಿನದರಲ್ಲಿ ಕೆಂಪಿನ ಅಡಿಯಲ್ಲಿ ಮತ್ತೆ ಕೆಂಪು, ಇಟ್ಟಿಗೆ ಬಣ್ಣದ ಹಳೆಯ ಕೆಂಪು. ಯಜಮಾನರನ್ನು ಕರೆದು ತೋರಿಸಿ ಎಲ್ಲ ಹೇಳಿದೆ. ಹೇಳಿ ಮುಗಿಸುವ ಹೊತ್ತಿಗೆ ಸೆರಗು ಕಣ್ಣಿಗೆ ಹೋಗಿತ್ತು.

ಅವರು ಸ್ವಲ್ಪ ಹೊತ್ತು ನಟ್ಟನ್ನು ಅಂಗೈಯಲ್ಲಿ ಉರುಳಿಸಿದರು. "ಬಳ್ದೋಳೂ ನೀನೇ, ಉಳ್ಸಿದೋಳೂ ನೀನೇ. ಇನ್ನು ಅಳೋ ಕೆಲಸಾನೂ ನೀನೇ ಮಾಡಿದ್ರೆ ನಂಗೇನು ಕೆಲಸ? ಕಾಫಿ ಫ್ಲಾಸ್ಕು ತಂದಿದ್ದೀಯೋ ಇಲ್ವೋ?" ಅಂದರು.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ನಾಲ್ಕು ಚಕ್ರವನ್ನೂ ಬಿಚ್ಚಿ ನೋಡಿದರೆ, ಹೊರಸುತ್ತಿನ ನಲವತ್ತೆಂಟರಲ್ಲಿ ಹತ್ತೊಂಬತ್ತು ನಟ್ಟುಗಳು ಅಸಲಿ ಅಲ್ಲ. ಅಪ್ಪನ ನಂತರದ ವರ್ಷಗಳಲ್ಲಿ ಯಾರೋ ಬೇರೆ ಗಾಡಿಗೆ ಅಂತ ಕಿತ್ತುಕೊಂಡು, ಆ ಜಾಗಕ್ಕೆ ಪೇಟೆಯಲ್ಲಿ ಸಿಗುವ ನಟ್ಟನ್ನು ಹೊಡೆದು ಕೂರಿಸಿದ್ದರು. ಅವು ಅರ್ಧ ಮರೆಯಷ್ಟೇ, ಅಂದರೆ ಒಳಗಿನ ತಿರುಪಿನ ಗೆರೆಯ ಅರ್ಧದಷ್ಟೇ, ಹಿಡಿದಿದ್ದವು. ಬ್ರಿಟಿಷರ ಮರೆಯ ಲೆಕ್ಕ ಬೇರೆ, ನಮ್ಮ ಈಗಿನ ನಟ್ಟುಗಳದ್ದು ಬೇರೆಯಂತೆ. ಸಾಹೇಬರು ಸ್ಪಷ್ಟವಾಗಿ ಹೇಳಿದರು, "ಎಂಜಿನ್‌ಗೆ ಡೂಪ್ಲಿಕೇಟ್ ಹಾಕಿ, ಲೈಟ್‌ಗೆ ಹಾಕಿ, ನಾನು ಬೇಡ ಅನ್ನಲ್ಲ. ಈ ನಟ್ಟು ಮಾತ್ರ ಅಸಲಿ ಇರಬೇಕು. ಆ ಉಕ್ಕು ಬೇರೆ."

ಲೇತ್‌ನಲ್ಲಿ ಮಾಡಿಸಬಹುದಲ್ಲ ಅಂದೆ. "ಆಕಾರ ಬರುತ್ತೆ, ಗಟ್ಟಿತನದ ಗ್ಯಾರಂಟಿ ಯಾರು ಕೊಡ್ತಾರೆ? ಅದರ ಮುಂದೆ ನಾಳೆ ಯಾರು ಕೂತಿರ್ತಾರೋ" ಅಂದರು ಯಜಮಾನರು. ಹತ್ತೊಂಬತ್ತೂ ಸಿಗುವವರೆಗೆ ಚಕ್ರಕ್ಕೆ ಗಾಳಿ ತುಂಬುವುದಿಲ್ಲ ಅಂತ ತೀರ್ಮಾನ ಮಾಡಿದರು. ಗಾಳಿ ಇಲ್ಲದೆ ಲಾರಿ ನಡೆಯುವುದಿಲ್ಲ. ನಡೆಯದಿದ್ದರೆ ಗುಜರಿ. ಅಂದರೆ ಆಯುಧಪೂಜೆಯವರೆಗಿನ ಆರು ತಿಂಗಳೂ ಆ ಹತ್ತೊಂಬತ್ತು ನಟ್ಟಿನ ಮೇಲೆ ನಿಂತಿತು.

ಎಂಜಿನ್ನಿನ ಕಥೆ ಬೇರೆಯೇ ಇದೆ, ಉದ್ದ ಮಾಡುವುದಿಲ್ಲ. ಹುಣಸೂರಿನ ಕಡೆಯ ಹಳೆಯ ಸಾಮಿಲ್ಲೊಂದರಲ್ಲಿ ಇಂಥದ್ದೇ ಲಾರಿಯ ಎಂಜಿನ್ನನ್ನು ನೆಲಕ್ಕೆ ಹೂತು ಮರ ಕೊಯ್ಯಲು ಇಟ್ಟುಕೊಂಡಿದ್ದರು. ಯಜಮಾನರು ಮೂರು ಭಾನುವಾರ ಅಲ್ಲಿಗೆ ಹೋಗಿ, ಅವರ ಗರಗಸದ ಯಂತ್ರವನ್ನು ಪುಕ್ಕಟೆ ರಿಪೇರಿ ಮಾಡಿಕೊಟ್ಟು, ಬದಲಿಗೆ ಪೆಟ್ರೋಲ್ ಪಂಪು ಕೇಳಿ ತಂದರು. ಅದರ ಅಡಿಯಲ್ಲಿ ಒಂದು ಗಾಜಿನ ಬಟ್ಟಲಿತ್ತು, ಪೆಟ್ರೋಲಿನ ಕಸವೆಲ್ಲ ಅದರೊಳಗೆ ಇಳಿದು ಕಣ್ಣಿಗೆ ಕಾಣುತ್ತಿತ್ತು. ಐವತ್ತು ವರ್ಷ ಗರಗಸದ ಪಕ್ಕ ಇದ್ದರೂ ಅದು ಒಡೆದಿರಲಿಲ್ಲ. ಅದನ್ನು ನನ್ನ ಹಳೆಯ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ನಾನು ಬಾಣಂತನ ಮುಗಿಸಿ ಮಗು ತಂದಾಗಲೂ ಅಷ್ಟು ಜೋಪಾನ ಮಾಡಿರಲಿಲ್ಲ ಅಂತ ಛೇಡಿಸಿದೆ. "ಮಗು ಬಿದ್ರೆ ಅಳುತ್ತೆ, ಇದು ಒಡೆದ್ರೆ ಮತ್ತೆ ಸಿಗಲ್ಲ" ಅಂದರು.

ನಟ್ಟು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ನಾನೇ ಕೇಳಿಕೊಂಡೆ.

ಸಾಹೇಬರ ಅಂಗಡಿಯ ಹಿಂದೆ ತಂದೆಯ ಕಾಲದಿಂದ ಯಾರೂ ಬಿಚ್ಚದ ನಟ್ಟುಬೋಲ್ಟಿನ ಗೋಣಿಚೀಲಗಳಿದ್ದವು. ಅದರಲ್ಲಿ ರೈಲಿನದು, ಮಗ್ಗದ್ದು, ಗಾಣದ್ದು, ಸೈಕಲ್ಲಿನದು ಎಲ್ಲ ಕಲಸಿಹೋಗಿತ್ತು. "ಇದರಲ್ಲಿ ಹುಡುಕೋದು ಯಾರಮ್ಮಾ, ಆಯುಸ್ಸು ಸಾಲಲ್ಲ" ಅಂದರು. "ಅಕ್ಕೀಲಿ ಕಲ್ಲು ಆರಿಸಿದ ಹಂಗೆ ಅಲ್ವಾ ಸಾಹೇಬ್ರೇ, ಚೀಲ ಕಳ್ಸಿ" ಅಂದೆ. ಅವತ್ತಿನಿಂದ ವಾರಕ್ಕೆ ಒಂದು ಚೀಲ ಆಟೋದಲ್ಲಿ ನಮ್ಮ ಮನೆಗೆ ಬರತೊಡಗಿತು.

ಮಧ್ಯಾಹ್ನದ ಊಟದ ಪಾತ್ರೆ ತೊಳೆದು, ಹಿತ್ತಿಲಿನ ಕಲ್ಲಿನ ಮೇಲೆ ಮೊರ ಇಟ್ಟುಕೊಂಡು ಕೂರುತ್ತಿದ್ದೆ. ಅದಕ್ಕೇ ಅಂತ ಹಳೆಯದೊಂದು ಮೊರ ಬೇರೆ ಇಟ್ಟೆ, ಅಕ್ಕಿಯ ಮೊರಕ್ಕೆ ಎಣ್ಣೆ ತಾಗಬಾರದಲ್ಲ. ಒಂದು ಅಸಲಿ ಬೋಲ್ಟನ್ನು ದಾರಕ್ಕೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಗಾತ್ರ ಸರಿಯಿದ್ದ ನಟ್ಟು ಸಿಕ್ಕಿದರೆ ಅದಕ್ಕೆ ಹಾಕಿ ತಿರುಗಿಸುವುದು. ಅಸಲಿಯಾದರೆ ಬೆರಳಿಗೇ ತಿರುಗುತ್ತಾ ಕೊನೆಯವರೆಗೂ ಸರಾಗವಾಗಿ ಹೋಗುತ್ತದೆ. ಬೇರೆಯದಾದರೆ ಒಂದೂವರೆ ಸುತ್ತಿಗೇ ಮೊಂಡು ಹಿಡಿಯುತ್ತದೆ. ಒಂದೊಂದು ನಟ್ಟಿಗೂ ಒಂದು ಓಂ ನಮಃ ಶಿವಾಯ. ಅಷ್ಟು ಜಪ ಅದಕ್ಕೆ ಮೊದಲೂ ನಾನು ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ.

ಅಸಲಿಯದರ ಮೇಲೆ ಒಂದು ಗುರುತೂ ಇತ್ತು. ಎಣ್ಣೆ ಹಾಕಿ ಒರೆಸಿದರೆ ಮೂರು ಸಣ್ಣ ಗೆರೆ ಒಂದು ತುದಿಯಲ್ಲಿ ಕೂಡಿಕೊಂಡಿರುವುದು ಕಾಣುತ್ತಿತ್ತು. ಬ್ರಿಟಿಷ್ ಮಿಲಿಟರಿಯ ಮುದ್ರೆಯಂತೆ. ಯಜಮಾನರು ಅದನ್ನು ಬಾಣ ಅಂದರು. ಸಾಹೇಬರು ಕಾಗೆಯ ಕಾಲು ಅಂದರು. ನನ್ನ ಕಣ್ಣಿಗೆ ಅದು ತ್ರಿಶೂಲ. ಮೊದಲನೆಯ ತ್ರಿಶೂಲ ಸಿಕ್ಕಿದಾಗ ಮೊರ ಬಿಟ್ಟು ಎದ್ದು ದೇವರ ಮುಂದೆ ದೀಪ ಹಚ್ಚಿದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ರೀ, ಮನೇಲಿ ನಟ್ಟು ಬೇಯಿಸ್ತೀರಾ?" ಅಂದಳು. "ಇನ್ನೂ ಆರಿಸ್ತಾ ಇದ್ದೀನಿ ಕಣಮ್ಮ, ಬೆಂದ ಮೇಲೆ ಕಳಿಸ್ತೀನಿ" ಅಂದೆ.

ಶ್ರಾವಣದ ಹೊತ್ತಿಗೆ ಹತ್ತು ಸಿಕ್ಕಿದವು. ಆ ತಿಂಗಳಲ್ಲೇ ಎಂಜಿನ್ ಮಾತಾಡಿತು. ಸೈಟಿಗೆ ಹೋಗಿದ್ದೆ. ಯಜಮಾನರು ಮುಂದೆ ನಿಂತು ಕಬ್ಬಿಣದ ಹಿಡಿಯಿಂದ ತಿರುಗಿಸಿದರು, ಒಂದು ಸಲ, ಎರಡು ಸಲ, ಐದು ಸಲ. ಕೆಮ್ಮಿತು, ಕರಿ ಹೊಗೆ ಕಾರಿತು, ಆಮೇಲೆ ಆ ಹಳೆಯ ಗುಡುಗುಡು ಶುರುವಾಯಿತು. ಅಪ್ಪ ಮಠದ ತಿರುವಿನಲ್ಲಿ ಗೇರು ಬದಲಿಸುವಾಗ ಅಡುಗೆಮನೆಯಲ್ಲಿ ಅಮ್ಮ ತಟ್ಟೆ ಹಾಕುತ್ತಿದ್ದದ್ದು ಆ ಸದ್ದು ಕೇಳಿಯೇ. ಯಜಮಾನರ ಮುಖವೆಲ್ಲ ಮಸಿ. ಅವರು ಎಂಜಿನ್ನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಅವರು ಒಡವೆ ಮಾಡಿಸಿಕೊಟ್ಟದ್ದು ಕಡಿಮೆ. ಅದರ ಬಗ್ಗೆ ನಾನು ಆಮೇಲೆ ಯಾವತ್ತೂ ಮಾತೆತ್ತಿಲ್ಲ.

ಗೌರಿ ಹಬ್ಬಕ್ಕೆ ಹದಿನೈದು. ಮಹಾಲಯ ಅಮಾವಾಸ್ಯೆಗೆ ಹದಿನೆಂಟು. ದಸರಾ ಶುರುವಾಯಿತು, ಊರಿಗೆಲ್ಲ ದೀಪ ಹಾಕಿದರು. ಸಾಹೇಬರ ಕೊನೆಯ ಚೀಲವೂ ಮುಗಿಯಿತು. ಒಂದು ನಟ್ಟು ಕಡಿಮೆ.

ಒಂದು ಚಕ್ರಕ್ಕೆ ಹನ್ನೆರಡರ ಬದಲು ಹನ್ನೊಂದೇ ಹಾಕಿದರೆ ನಡೆಯುವುದಿಲ್ಲವೇ ಅಂತ ನಾನೇ ಕೇಳಿದೆ. ನನಗೆ ಆಗ ಆಸೆ ಹೆಚ್ಚು, ಧೈರ್ಯ ಕಡಿಮೆ. "ನಡೀಬೌದು" ಅಂದರು. "ನಡೀಬೌದು ಅನ್ನೋದನ್ನ ನಂಬಿ ಮಠದ ಮುಂದೆ ನಿಲ್ಲಿಸಿದ್ರೆ ಮಕ್ಕಳು ಸುತ್ತ ಬರ್ತವೆ. ಬೇಡ ಕಣೇ. ಹೋದ್ರೆ ಹೋಗಲಿ ಲಾರಿ." ಆರು ತಿಂಗಳು ಬೆನ್ನು ಮುರಿದು ದುಡಿದ ಮನುಷ್ಯ ಹಾಗೆ ಹೇಳಿದರಲ್ಲ, ಅವರನ್ನು ನಾನು ಅವತ್ತು ನೋಡಿದ ಹಾಗೆ ಅದಕ್ಕೆ ಮೊದಲು ನೋಡಿರಲಿಲ್ಲ.

ಆಯುಧಪೂಜೆಗೆ ಮೂರು ದಿನ ಉಳಿದಿತ್ತು. ಬೇಡದ ನಟ್ಟುಗಳನ್ನು ವಾಪಸು ಕೊಡುವುದಕ್ಕೆ ನಾವಿಬ್ಬರೂ ಸಾಹೇಬರ ಅಂಗಡಿಗೆ ಹೋದೆವು. ಸಾಹೇಬರು ಯಾರದೋ ಹಳೆಯ ಹಿತ್ತಾಳೆ ತೂಗುತ್ತಿದ್ದರು. ಸೂರಿಗೆ ನೇತುಹಾಕಿದ ದೊಡ್ಡ ತಕ್ಕಡಿ ಅದು, ತಂದೆಯ ಕಾಲದ್ದು. ಒಂದು ತಟ್ಟೆ ಇನ್ನೊಂದಕ್ಕಿಂತ ಸ್ವಲ್ಪ ಹಗುರ ಅಂತ ಅದರ ಸರಪಳಿಗೆ ಏನನ್ನೋ ತಂತಿಯಿಂದ ಬಿಗಿದಿದ್ದರು. ಕರ್ರಗೆ ಜಿಡ್ಡು ಹಿಡಿದ ಒಂದು ಗಂಟು. ಐವತ್ತು ವರ್ಷದಿಂದ ಗಿರಾಕಿಗಳೆಲ್ಲ ಅದನ್ನು ನೋಡಿದ್ದಾರೆ, ನಾನೂ ಹತ್ತಾರು ಸಲ ನೋಡಿದ್ದೆ. ಆದರೆ ಈಗ ನನ್ನದು ಆರು ತಿಂಗಳು ಮೊರದ ಮುಂದೆ ಕೂತ ಕಣ್ಣು.

"ಸಾಹೇಬ್ರೇ, ತಕ್ಕಡಿಗೆ ಕಟ್ಟಿರೋದೇನು?"

"ಅದಾ? ಸಮತೂಕಕ್ಕೆ. ಅಬ್ಬಾ ಕಟ್ಟಿದ್ದು."

"ಒಂದ್ಸಲ ಬಿಚ್ತೀರಾ?"

"ಅಮ್ಮಾ, ತಕ್ಕಡಿ ಸುಳ್ಳು ಹೇಳುತ್ತೆ ಆಮೇಲೆ" ಅಂದರು. ಆದರೂ ಎದ್ದು ತಂತಿ ಕತ್ತರಿಸಿ ನನ್ನ ಅಂಗೈಗೆ ಹಾಕಿದರು. ನಾನು ಸೀಮೆಎಣ್ಣೆಯ ಬಟ್ಟೆಯಿಂದ ಉಜ್ಜಿದೆ. ಜಿಡ್ಡು ಬಿಟ್ಟಿತು. ಮೂರು ಗೆರೆ ಕಂಡವು. ಸೊಂಟದ ಬೋಲ್ಟಿಗೆ ಹಾಕಿ ಬೆರಳಿನಿಂದ ಒಂದು ಸಲ ತಳ್ಳಿದೆ, ತಾನೇ ತಿರುಗುತ್ತಾ ಕೊನೆಯವರೆಗೂ ಹೋಯಿತು.

ಯಜಮಾನರು ತೆಗೆದುಕೊಂಡು ತಾವೂ ಒಂದು ಸಲ ತಿರುಗಿಸಿ ನೋಡಿದರು. ಆಮೇಲೆ ಸಾಹೇಬರು ಹಿತ್ತಾಳೆ ಮಾರಲು ಬಂದಿದ್ದವನ ಕಡೆ ತಿರುಗಿ, "ನೋಡಪ್ಪ, ಇವತ್ತು ಅಂಗಡಿ ಬಂದ್. ಇವ್ರು ನನ್ನ ತಕ್ಕಡಿಯ ಈಮಾನ್, ಅದರ ನಿಯತ್ತನ್ನೇ ಬಿಚ್ಕೊಂಡು ಹೋಗ್ತಿದ್ದಾರೆ" ಅಂದರು. ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಯಜಮಾನರು ಚೀಲದಿಂದ ಬೇಡದ ನಟ್ಟು, ವಾಷರ್ ಆರಿಸಿ ಆರಿಸಿ ತಂತಿಗೆ ಪೋಣಿಸಿ, ಎರಡು ತಟ್ಟೆಯೂ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇಲ್ಲದೆ ನಿಲ್ಲುವವರೆಗೂ ಸರಿಮಾಡಿಕೊಟ್ಟೇ ಅಲ್ಲಿಂದ ಎದ್ದರು.

ಗಾಳಿ ತುಂಬುವ ದಿನ ಸಾಹೇಬರೂ ಸೈಟಿಗೆ ಬಂದರು. ಒಂದು ಗುಂಡಿ ತೋಡಿ, ಚಕ್ರವನ್ನು ಅದರಲ್ಲಿ ಬೋರಲು ಮಲಗಿಸಿ, ಸುತ್ತ ಕಬ್ಬಿಣದ ಸರಪಳಿ ಬಿಗಿದು, ಉದ್ದದ ಟ್ಯೂಬು ಹಾಕಿ, ದೂರ ನಿಂತು ತುಂಬಬೇಕು. ಅವರ ತಂದೆ ಹಾಗೆ ಮಾಡುತ್ತಿದ್ದರಂತೆ. ಕಾಲಿನಲ್ಲಿ ಒತ್ತುವ ಪಂಪು ತಂದಿದ್ದರು ಯಜಮಾನರು. "ಮಾತು ಕೊಟ್ಟಿದ್ದೆ" ಅಂತ ನಾನು ಸೀರೆ ಎತ್ತಿ ಕಟ್ಟಿ ಮುಂದೆ ಬಂದೆ. ಐವತ್ತು ಒತ್ತು ಒತ್ತಿದ ಮೇಲೆ ಉಸಿರು ಹಿಡಿಯಿತು, ಉಳಿದದ್ದನ್ನು ಅವರು ಒತ್ತಿದರು. ನಾಲ್ಕು ಚಕ್ರವೂ ಒಂದಾದ ಮೇಲೊಂದು ತುಂಬಿದವು. ಒಂದು ನಟ್ಟೂ ಮಿಸುಕಲಿಲ್ಲ. ಒಳಸುತ್ತಿನವುಗಳ ಕೆಂಪು ಕೆರೆದು ನಾನೇ ಮತ್ತೆ ಹಸಿರು ಬಳಿದೆ.

ಆಯುಧಪೂಜೆಯ ಬೆಳಿಗ್ಗೆ ನಾನು ಲಿಂಗಪೂಜೆ ಮುಗಿಸಿ ಲಾರಿಯಲ್ಲಿ ಅವರ ಪಕ್ಕ ಕೂತೆ. ದಾರಿಯುದ್ದಕ್ಕೂ ಬಾಳೆಕಂದು ಕಟ್ಟಿಕೊಂಡ ಆಟೋ, ಬಸ್ಸು. ಜನ ಕೈ ಎತ್ತಿ ನಮ್ಮ ಲಾರಿಗೂ ನಮಸ್ಕಾರ ಮಾಡಿದರು. ಮಠದ ತಿರುವಿನಲ್ಲಿ ಗೇರು ಬದಲಿಸುವಾಗ ಯಜಮಾನರು ಬೇಕೆಂದೇ ಸ್ವಲ್ಪ ಹೆಚ್ಚು ಗುಡುಗಿಸಿದರು. ಸ್ವಾಮಿಗಳು ಬಾಗಿಲಿಗೇ ಬಂದು ನಿಂತಿದ್ದರು. ಲಾರಿ ಅವರ ಮುಂದೆ ಬಂದು ನಿಂತಾಗ, ಎಳೆಯುವ ಟ್ರ್ಯಾಕ್ಟರೋ ಹಿಂದೆ ತಳ್ಳುವ ಜನವೋ ಇದ್ದಾರೇನೋ ಅಂತ ಒಂದು ಸುತ್ತು ನೋಡಿ ಬಂದರು.

"ಯಾರೂ ಇಲ್ಲ ಬುದ್ಧಿ" ಅಂದರು ಯಜಮಾನರು.

"ಹಂಗಾದ್ರೆ ಉಗ್ರಾಣ ಆ ಕಡೆ ಕಟ್ಸೋಣ" ಅಂದರು ಸ್ವಾಮಿಗಳು.

ಹೆಣ್ಣುಮಕ್ಕಳು ಕುಂಕುಮದ ಬಟ್ಟಲು ಹಿಡಿದು ಓಡಿಬಂದರು. ಒಬ್ಬಳ ಕೈಯಲ್ಲಿ ಬಣ್ಣದ ಡಬ್ಬಿ. ಲಾರಿಯಿಂದ ಇಳಿದು ಹಿಂದಿನ ಎಡಚಕ್ರಕ್ಕೆ ಅಡ್ಡ ನಿಂತೆ. ದೇವರಿಗೆ ಅಂತ ತಂದದ್ದನ್ನು ಬೇಡ ಅನ್ನುವುದು ನನಗೆ ಎಷ್ಟು ಕಷ್ಟ ಅಂತ ಹೇಗೆ ಹೇಳಲಿ. ಸ್ವಾಮಿಗಳು ನೋಡುತ್ತಿದ್ದರು.

"ಬುದ್ಧೀ, ಒಂದು ಅಪ್ಪಣೆ ಬೇಕು" ಅಂತ ನಡೆದದ್ದನ್ನೆಲ್ಲ, ನನ್ನ ಬಣ್ಣದ ಡಬ್ಬಿಯಿಂದ ಹಿಡಿದು, ಎಲ್ಲರೆದುರು ಹೇಳಿದೆ. "ಹೊರಗಿನ ಸುತ್ತಿಗೆ ಮಾತ್ರ ಕುಂಕುಮ ಇರ್ಲಿ."

"ಒಳಗಿಂದಕ್ಕೆ?" ಅಂದಳು ಡಬ್ಬಿ ಹಿಡಿದವಳು. "ಅವುಕ್ಕೆ ಪೂಜೆ ಬೇಡ್ವಾ? ಪಾಪ!"

ಅದೇ ಮಾತು. ನಾನೂ ಹಾಗೆಯೇ ಅಂದುಕೊಂಡಿದ್ದೆ ಒಂದು ಕಾಲಕ್ಕೆ. ಸ್ವಾಮಿಗಳು ತಮ್ಮ ಕೈಯಲ್ಲಿದ್ದ ವಿಭೂತಿಗಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಆಗ ತಿಳಿಯಿತು. ಕೂತು ಒಳಸುತ್ತಿನ ಎಂಟಕ್ಕೂ ವಿಭೂತಿ ಹಚ್ಚಿದೆ, ಮೂರು ಮೂರು ಗೆರೆ. ಹೊರಗೆ ಕೆಂಪು, ಒಳಗೆ ಬಿಳಿ. ಹೆಣ್ಣುಮಕ್ಕಳಿಗೆ ಅದು ಇನ್ನೂ ಚೆನ್ನಾಗಿ ಕಂಡಿತು. ಉಳಿದ ಮೂರು ಚಕ್ರಕ್ಕೆ ಅವರೇ ಜಗಳವಾಡಿಕೊಂಡು ಹಚ್ಚಿದರು. ನಾಲ್ಕು ನಿಂಬೆಹಣ್ಣಿನ ಮೇಲೆ ಲಾರಿ ಹತ್ತಿ ಇಳಿಯಿತು.

ನಮ್ಮ ಮನೆ ಎದ್ದದ್ದು ಎರಡು ಸಾವಿರ ಇಸವಿ ಕಳೆದ ಮೇಲೆ. ಪಾಯ ತೋಡುವಾಗ ದೇವರ ಕೋಣೆಯ ಮಣ್ಣು ಒಂದು ಮೊಳದವರೆಗೂ ಎಣ್ಣೆ ಕುಡಿದು ಕಪ್ಪಾಗಿತ್ತು. ಮೇಸ್ತ್ರಿ ಬದಲಿಸೋಣ ಅಂದ, ಇರಲಿ ಬಿಡಪ್ಪ ಅಂದೆ. ಗೃಹಪ್ರವೇಶಕ್ಕೆ ಸಾಹೇಬರು ಬಂದು ಹೊಸಿಲಾಚೆ ನಿಂತು, "ತಕ್ಕಡಿ ಇನ್ನೂ ಸರಿಯಾಗೇ ತೂಗ್ತಿದೆ ಅಮ್ಮಾ" ಅಂದರು. ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆವು.

ಆಮೇಲೆ ಒಂದು ವರ್ಷ ಮಠಕ್ಕೆ ಹೋದಾಗ ಹೊಸ ಡ್ರೈವರ್ ಕೊಟ್ಟಿಗೆಯ ಮುಂದೆ ಪಂಕ್ಚರ್ ಆದ ಚಕ್ರ ಬಿಚ್ಚಲು ಕೂತಿದ್ದ. ಬಂದು ಇನ್ನೂ ತಿಂಗಳಾಗಿರಲಿಲ್ಲ. ನಾನು ಹತ್ತಿರ ಹೋಗುವಷ್ಟರಲ್ಲಿ ಅವನು ಒಳಸುತ್ತಿನ ನಟ್ಟುಗಳನ್ನೇ ಒಂದೊಂದಾಗಿ ಬಿಚ್ಚುತ್ತಿದ್ದ. ವಿಭೂತಿ ಮಾಸಿದ್ದರೂ ಬಿಳಿ ಕಾಣುತ್ತಿತ್ತು.

"ಗಾಳಿ ಬುಟ್ಟಿದ್ದೀಯೇನಪ್ಪ?" ಅಂದೆ.

"ಇಡೀ ಚಕ್ರ ಕಳಚಿಟ್ಟು ಆಮೇಲೆ ಬುಡ್ತೀನಿ ಕಣಮ್ಮ. ಇದ್ರಲ್ಲಿ ಒಂದು ವಿಷ್ಯ ಅದೆ, ನಿಮ್ಗೆ ಗೊತ್ತಿರಲ್ಲ" ಅಂದ ಅವನು, ಸ್ಪ್ಯಾನರ್ ನಿಲ್ಲಿಸಿ. "ವಿಭೂತಿ ಇರೋದು ಬಿಚ್ಬೌದು. ಕುಂಕುಮ ಇರೋದು ಮುಟ್ಟಂಗಿಲ್ಲ. ಈ ಮಠದ ಮಕ್ಕಳು ನಾನು ಬಂದ ದಿನಾನೇ ಹೇಳ್ಕೊಟ್ಟವೆ."

"ಹೌದಾ?" ಅಂದೆ. ನಮ್ಮ ಯಜಮಾನರು ನನ್ನ ಹಿಂದೆಯೇ ನಿಂತಿದ್ದರು. ಅವನು ಎಂಟೂ ನಟ್ಟು ಬಿಚ್ಚಿ ಚಕ್ರವನ್ನು ಇಡಿಯಾಗಿ ಉರುಳಿಸಿಕೊಂಡು ಹೋಗುವವರೆಗೂ ನಾವಿಬ್ಬರೂ ಅಲ್ಲೇ ನಿಂತು ನೋಡಿದೆವು.